ಯುಕ್ಸೋಮಿನಲ್ಲಿ ಬಿಟ್ಟ ಬಂಗುಡೆ

ನನ್ನ ಭಾವನಿಗೆ ಹೆದರಿಕೆಯಿಲ್ಲದ ಸಂಗತಿ ಒಂದಾದರೂ ಇದೆಯೆಂದು ಯಾರಾದರೂ ತೋರಿಸಿಕೊಟ್ಟರೆ, ನಾನು ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ ತಲೆಕೆಳಗಾಗಿ ನಡೆಯುತ್ತೇನೆ! ಲಿಫ್ಟೆಂದರೆ ಭಯ, ಅಬ್ರಾ ದೋಣಿಯೆಂದರೆ ಭಯ. ಬಂಗುಡೆ ಮೀನೆಂದರೆ ಪ್ರಾಣ, ಆದರೆ ಅದರ ಮುಳ್ಳೆಂದರೆ ಪ್ರಾಣಭಯ. ಹಾಗಾಗಿ ಮದುವೆಯಾದಂದಿನಿಂದ ಅಕ್ಕನೇ ಮುಳ್ಳು ಬಿಡಿಸಿ ಅವರ ತಟ್ಟೆಗೆ ಹಾಕುತ್ತಾಳೆ.

ಇಂಥವರು ಈ ಸಲದ ರಜೆಯಲ್ಲಿ ಅಕ್ಕನ ಜೊತೆ ದುಬೈಯಿಂದ ಸಿಕ್ಕಿಮಿಗೆ ಹೊರಟರು. ಹೊರಡುವ ಹೊತ್ತಿಗೇ ಅಕ್ಕನ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತ್ತು. "ಬಂದ ಮೇಲೆ ಪರೀಕ್ಷೆ ಮಾಡಿಸುವ, ಟಿಕೆಟ್ ಹಾಳು ಮಾಡುವುದು ಬೇಡ" ಎಂದಳು ಅಕ್ಕ. ಭಾವ ದಾರಿಯುದ್ದಕ್ಕೂ ಹಿಮಾಲಯ ನೋಡಲಿಲ್ಲ, ಅಕ್ಕನ ಮುಖ ನೋಡಿದರು.

ಅಲ್ಲಿಯ ಯುಕ್ಸೋಮ್ ಎಂಬ ಊರಿನಲ್ಲಿ ಹಳೆಯ ಮರದಡಿ ಒಂದು ಕಲ್ಲಿನ ಪೀಠವಿದೆ. ಮೂವರು ಲಾಮಾಗಳು ಮೂರು ದಿಕ್ಕಿನಿಂದ ಬಂದು ಸಿಕ್ಕಿಮಿನ ಮೊದಲ ರಾಜನಿಗೆ ಪಟ್ಟ ಕಟ್ಟಿದ ಜಾಗ. ಆ ರಾಜ ತನ್ನ ಪಾಡಿಗೆ ಬೆಣ್ಣೆ ಕಡೆಯುತ್ತಿದ್ದವನಂತೆ, ಹುಡುಕಿ ಕರೆತಂದರಂತೆ. ಕಥೆ ಕೇಳಿದವರೆಲ್ಲ ಕೈಮುಗಿದರೆ ನಮ್ಮ ಭಾವ ಹೇಳಿದ್ದೇನು? "ಪಾಪ, ಅವನ ಹೆಂಡತಿಗೆ ಎಷ್ಟು ಗಾಬರಿ ಆಗಿರಬೇಕು."

ಕರಾವಳಿಯವರಿಗೆ ಹರಕೆ ಹೊರಲು ಇಂಥದೇ ದೇವರು ಬೇಕೆಂದೇನೂ ಇಲ್ಲವಲ್ಲ! ಅಕ್ಕನ ರಿಪೋರ್ಟ್ ಒಳ್ಳೆಯದು ಬರುವ ತನಕ ಮೀನು ಮುಟ್ಟುವುದಿಲ್ಲವೆಂದು ಭಾವ ಆ ಪೀಠದೆದುರೇ ಹರಕೆ ಹೊತ್ತರು.

ಬರ್ ದುಬೈಗೆ ಮರಳಿ ಅಕ್ಕನ ಪರೀಕ್ಷೆ ಮುಗಿದದ್ದೇ ತಡ, ನನಗೆ ಭಾವನ ಫೋನು.

"ಪಕ್ಕದ ಫ್ಲ್ಯಾಟಿನಲ್ಲಿ ಮೀನು ಹುರಿಯುತ್ತಿದ್ದಾರೆ ಮಾರಾಯ. ಪರಿಮಳ ಒಳಗೆ ಹೋದರೆ ಹರಕೆ ಮುರಿಯುತ್ತದಾ?"

"ಮೂಗು ಮುಚ್ಚಿಕೊಳ್ಳಿ ಭಾವ."

"ಮುಚ್ಚಿಕೊಂಡೇ ಮಾತಾಡುವುದು."

ಮರುದಿನ ಹೊಸ ಚಿಂತೆ. "ಬುದ್ಧನ ಜಾಗದಲ್ಲಿ ಮೀನಿನ ಹರಕೆ ನಡೆಯುತ್ತದಾ? ಆ ಬೆಟ್ಟದಲ್ಲಿ ಬಂಗುಡೆ ಎಂದರೆ ಎಂತ ಅಂತ ಯಾರಿಗೆ ಗೊತ್ತುಂಟು?" ತಡೆಯಲಾರದೆ ಯುಕ್ಸೋಮಿನಲ್ಲಿ ತಾವು ಉಳಿದುಕೊಂಡಿದ್ದ ಮನೆಯ ಒಡತಿಗೇ ಫೋನು ಮಾಡಿದರು. ಆಕೆ ನಕ್ಕು, ಅಕ್ಕನ ಹೆಸರಿನಲ್ಲಿ ಬೌದ್ಧರ ಗೊಂಪಾದಲ್ಲಿ ಬೆಣ್ಣೆಯ ದೀಪ ಹಚ್ಚುತ್ತೇನೆಂದಳು. ಸಮಾಧಾನವಾಯಿತೇ? ಎಲ್ಲಿಂದ! "ಅಲ್ಲಿ ಗಾಳಿ ಜೋರುಂಟು. ದೀಪ ಆರಿದರೆ?"

ನಾನು ನಗುತ್ತಿದ್ದೆ ನಿಜ, ಆದರೆ ಫೋನಿಟ್ಟ ಮೇಲೆ ನನಗೂ ಊಟ ಸೇರುತ್ತಿರಲಿಲ್ಲ.

ರಿಪೋರ್ಟಿನ ದಿನ ರಜೆ ಹಾಕಿ ಅಬುಧಾಬಿಯಿಂದ ಹೋದೆ. ಭಾವ ಅಕ್ಕನ ಕೈ ಹಿಡಿದು ಆಸ್ಪತ್ರೆಯ ಲಿಫ್ಟ್ ಹತ್ತಿಬಿಟ್ಟರು. ಹತ್ತಿದ್ದು ಅವರಿಗೇ ಗೊತ್ತಾಗಲಿಲ್ಲ. ಗಂಟಿನಿಂದ ಅಪಾಯವಿಲ್ಲ ಎಂದರು ಡಾಕ್ಟರು. ಭಾವ ಅದನ್ನೇ ಮತ್ತೆ ಮತ್ತೆ ಹೇಳಿಸಿಕೊಂಡರು.

ಮಧ್ಯಾಹ್ನ ಅಕ್ಕ ಬಂಗುಡೆ ಹುರಿದಳು. ಎಂದಿನಂತೆ ಭಾವನ ಮೀನಿಗೆ ಕೈ ಹಾಕಿದಳು. ಭಾವ ತಟ್ಟೆಯನ್ನು ತನ್ನತ್ತ ಎಳೆದುಕೊಂಡರು. ತಾವೇ ಮುಳ್ಳು ಬಿಡಿಸಿ, ಒಂದೊಂದು ಚೂರನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಅಕ್ಕನ ತಟ್ಟೆಗೆ ಹಾಕಿದರು.

"ಮೊದಲು ನೀನು ತಿನ್ನು."

ಅಕ್ಕ ಒಂದು ತುತ್ತು ಬಾಯಿಗಿಟ್ಟಳು. ಅವಳ ಕಣ್ಣು ತುಂಬಿ ಬಂತು.

ಭಾವ ಗಾಬರಿಯಿಂದ ಎದ್ದೇ ನಿಂತರು. "ಎಂತಾಯಿತು? ಮುಳ್ಳು ಸಿಕ್ಕಿತಾ?"