ಲೇಸರ್ ಆದ ಮೇಲಿನ ಚಡಪಡಿಕೆ

ಗಂಗಾವತಿಯ ಒಂದು ಚರ್ಮದ ದವಾಖಾನೆಯಲ್ಲಿ ನಾನು ನರ್ಸ್. ಲೇಸರ್ ಹೊಡೆಯುವುದು ಹತ್ತು ನಿಮಿಷದ ಕೆಲಸ. ಆಮೇಲೆ ಚರ್ಮ ಮಾಯುವವರೆಗೆ ಸುಮ್ಮನಿರುವುದೇ ಕಷ್ಟ. ಸುಮ್ಮನಿರಲಾಗದವರು ದಿನಾ ಒಬ್ಬರಾದರೂ ಬರುತ್ತಾರೆ, ನನ್ನನ್ನೂ ಕೂತಲ್ಲಿ ಕೂರಗೊಡುವುದಿಲ್ಲ.

೧. ರೊಟ್ಟಿಯ ಚೀಟಿ

ಕಾರಟಗಿಯ ಒಬ್ಬಾಕೆಗೆ ಎರಡೂ ಕೆನ್ನೆಯ ಮೇಲೆ ಬಂಗಿನ ಕಪ್ಪು ಕಲೆ. ಲೇಸರಿನಿಂದ ಸ್ವಲ್ಪ ತಿಳಿಯಾಗಿತ್ತು. ಬಿಸಿಲಿಗೆ ಹೋಗಬೇಡಿ ಎಂದು ಹೇಳಿ ಕಳಿಸಿದ್ದೆವು. ಎಂಟು ದಿನಕ್ಕೆ ಬಂದಾಗ ಮೊದಲಿಗಿಂತ ಕಪ್ಪು. ಹೊಸ್ತಿಲು ದಾಟಿಲ್ಲ ಎಂದು ಕಣ್ಣೀರು ತೆಗೆದರು. ಕೇಳುತ್ತಾ ಹೋದರೆ, ಹನ್ನೆರಡು ಮಂದಿಯ ಮನೆಗೆ ಎರಡೂ ಹೊತ್ತು ಒಲೆಯ ಮುಂದೆ ಕೂತು ರೊಟ್ಟಿ ಬಡಿದಿದ್ದಾರೆ. ಬಂಗಿಗೆ ಒಲೆಯ ಝಳವೂ ಬಿಸಿಲೇ ಎಂದರು ನಮ್ಮ ಡಾಕ್ಟರ್ ಮೇಡಂ. ಮನೆಯವರು ನಂಬಲಿ ಎಂದು ಚೀಟಿಯಲ್ಲೇ ಬರೆದುಕೊಟ್ಟರು: ಒಂದು ತಿಂಗಳು ರೊಟ್ಟಿ ಬಡಿಯಬಾರದು.

ಮರುವಾರ ಅದೇ ಓಣಿಯ ನಾಲ್ವರು ಹೆಂಗಸರು ಬಂದು ಕೂತರು. ಯಾರ ಮುಖದಲ್ಲೂ ಒಂದು ಕಲೆಯಿಲ್ಲ. ಹಿರಿಯಾಕೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ನಮಗ ಲೇಸರ್ ಬ್ಯಾಡ್ರಿ. ಚೀಟಿ ಅಷ್ಟ ಬರದು ಕೊಡ್ರಿ."

೨. ಮುಂದಿನ ಕೆಲಸ

ಗಿಣಿಗೇರಾದ ಕಾರ್ಖಾನೆಯೊಂದರಲ್ಲಿ ವೆಲ್ಡಿಂಗ್ ಮಾಡಿ, ಬೆಸುಗೆಯನ್ನು ಉಜ್ಜಿ ನಯಮಾಡುವವರೊಬ್ಬರು ಮಗಳನ್ನು ಕರೆತಂದರು. ಮೊಡವೆಯ ಕುಳಿಗಳಿಗೆ ಲೇಸರ್. ಮಗಳು ನಿಶ್ಚಿಂತೆಯಿಂದ ಮಲಗಿದಳು. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ನಿಂತು, ಪ್ರತಿ ಸದ್ದಿಗೂ ತಾವು ಬೆಚ್ಚಿದರು.

ಮೂರನೇ ದಿನ ಗಾಬರಿಯಾಗಿ ಮತ್ತೆ ಬಂದರು. ಹುಡುಗಿಯ ಕೆನ್ನೆ ತುಂಬಾ ಕಂದು ಹಕ್ಕಳೆ, ಮುಟ್ಟಿದರೆ ಒರಟು. ಇದು ಹೀಗೇ ಆಗುತ್ತದೆ, ತಾನಾಗಿ ಉದುರಲಿ, ಕೆರೆದರೆ ಕಲೆ ಉಳಿದೀತು ಎಂದು ಮೇಡಂ ಸಮಾಧಾನ ಮಾಡಿದರು. ಅಪ್ಪ ಮಗಳ ಮುಖವನ್ನೇ ಬಹಳ ಹೊತ್ತು ನೋಡಿ ಕೇಳಿದರು: "ವೆಲ್ಡಿಂಗ್ ಛಲೋ ಆಗೇತ್ರಿ. ಗ್ರೈಂಡಿಂಗ್ ಯಾವಾಗ ಮಾಡ್ತೀರಿ?"

೩. ಉಳಿದ ಅಕ್ಷರ

ಕುಷ್ಟಗಿಯ ಒಬ್ಬ ಬಸ್ ಕಂಡಕ್ಟರ್. ಮುಂಗೈ ಮೇಲೆ ದೊಡ್ಡ ಹಚ್ಚೆ: ಸುಮಂಗಲಾ. ಟಿಕೆಟ್ ಕೊಡಲು ಕೈ ಚಾಚಿದರೆ ಬಸ್ಸೆಲ್ಲ ಓದುತ್ತಿತ್ತು. ಆ ಸುಮಂಗಲಾ ಬೇರೊಬ್ಬನನ್ನು ಮದುವೆಯಾಗಿ ಹೋಗಿದ್ದಳು. ಈಗ ಇವನಿಗೂ ಹೆಣ್ಣು ಗೊತ್ತಾಗಿತ್ತು, ಹೆಸರು ಬೇರೆ. ಮದುವೆಗೆ ಎರಡೇ ತಿಂಗಳು.

ಎರಡು ಸಲ ಲೇಸರ್ ಆಯಿತು. ಹಚ್ಚೆ ಹಾಕಿದವನು ಮೊದಲ ಅಕ್ಷರವನ್ನೂ ಕೊನೆಯದನ್ನೂ ತೆಳ್ಳಗೆ ಹಾಕಿದ್ದನಂತೆ, ಅವು ಮಾಸಿಹೋದವು. ನಡುವಿನವು ಆಳವಾಗಿದ್ದವು. ಕೈ ಮೇಲೆ ಸ್ಪಷ್ಟವಾಗಿ ಉಳಿದದ್ದು: ಮಂಗ.

ಅವನ ನಿದ್ದೆ ಹಾರಿಹೋಯಿತು. ಇವತ್ತೇ ತೆಗೆಯಿರಿ ಎಂದು ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಚರ್ಮ ಮಾಯುವ ಮೊದಲೇ ಹೊಡೆದರೆ ಸುಟ್ಟು ಗಾಯವಾಗುತ್ತದೆ ಎಂದು ಮೇಡಂ ಒಪ್ಪಲಿಲ್ಲ. ಕೊನೆಗೆ ತುಂಬುತೋಳಿನ ಅಂಗಿಯಲ್ಲೇ ತಾಳಿ ಕಟ್ಟಿದ.

ಮದುವೆಯಾದ ತಿಂಗಳಿಗೆ ಹೆಂಡತಿಯನ್ನೂ ಕರೆದುಕೊಂಡು ಬಂದ. ಅಳುಕುತ್ತಲೇ ಅವಳಿಗೆ ಎಲ್ಲ ಹೇಳಿಕೊಂಡಿದ್ದನಂತೆ. ನಾನು ಮಷಿನ್ ಸಿದ್ಧಮಾಡುತ್ತಿದ್ದೆ, ಮೇಡಂ ಪಕ್ಕದಲ್ಲಿದ್ದರು. ಆಕೆ ಗಂಡನ ಕೈಯನ್ನು ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ಓದಿ, ಅಂಗಿಯ ತೋಳನ್ನು ತಾನೇ ಕೆಳಗೆಳೆದಳು.

"ಹೋಗೂದು ಹೋಗೇತ್ರಿ ಮೇಡಂ. ಉಳದದ್ದು ಖರೇನ ಐತಿ, ಇರ್ಲಿ ಬಿಡ್ರಿ."