ಚಿಗವ್ವನ ಗರ್ದಿ ನಿವಾರಣೆ

ನಮ್ಮ ಚಿಗವ್ವನಿಗೆ ದಾರಿ ಬಿಡಿಸುವ ಹುಚ್ಚು. ಇಬ್ಬರು ಎದುರುಬದುರು ನಿಂತರೆ ಸಾಕು, ನಡುವೆ ನುಗ್ಗಿ ದಾರಿ ಬಿಡಿಸುತ್ತಾಳೆ, ಅವರು ಹರಟೆ ಹೊಡೆಯಲು ನಿಂತಿದ್ದರೂ! ಹುಚ್ಚು ಎಂದು ಗಟ್ಟಿಯಾಗಿ ಅನ್ನುವಂತೆಯೂ ಇಲ್ಲ, ಅದಕ್ಕೆ ಡಾಕ್ಟರೇಟ್ ಬೇರೆ ಕೊಟ್ಟುಬಿಟ್ಟಿದ್ದಾರೆ.

ನಮ್ಮವ್ವನ ತಂಗಿಯಾದ ಈಕೆ ಕುಂದಗೋಳದಲ್ಲಿ ಅಜ್ಜಿಯ ಜೊತೆಗಿದ್ದು, ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅದೇನು ಓದಿದ್ದೀ ಎಂದು ಒಮ್ಮೆ ಕೇಳಿ ಕೆಟ್ಟೆ.

"ದೊಡ್ಡ ಕಂಪ್ಯೂಟರಿನ್ಯಾಗ ನೂರಾರು ಪ್ರೊಸೆಸರ್ ಇರ್ತಾವು. ಒಂದಕ್ಕೊಂದು ಸುದ್ದಿ ಕಳಸ್ತಾವು. ಎಲ್ಲಾ ಒಮ್ಮಿಗೇ ಕಳಿಸಿದ್ವು ಅಂದ್ರ ದಾರ್ಯಾಗ ಗರ್ದಿ! ಅದಕ್ಕ, ತಗೊಳ್ಳೋರ ಕಡೆ ಜಾಗಾ ಐತೇನು ನೋಡಿ ಆಮ್ಯಾಲೆ ಕಳಸಬೇಕು. ತಿಳೀತಿಲ್ಲೋ?"

"ತಿಳೀತು ಚಿಗವ್ವಾ," ಅಂದೆ. ಇಲ್ಲವೆಂದರೆ ಊಟಕ್ಕೆ ಏಳಲು ಬಿಡುತ್ತಿದ್ದಳೇ?

ಈ ವಿದ್ಯೆ ಕಂಪ್ಯೂಟರಿನೊಳಗೇ ಇದ್ದಿದ್ದರೆ ಯಾರ ತಕರಾರೂ ಇರಲಿಲ್ಲ. ಒಂದು ಬೆಳಿಗ್ಗೆ ನಾವಿಬ್ಬರೂ ಹೊರಟಿದ್ದ ಹುಬ್ಬಳ್ಳಿ ಬಸ್ಸಿಗೆ ಜನ ಮುಗಿಬಿದ್ದಾಗ, ಈಕೆ ಬಾಗಿಲಿಗೆ ಅಡ್ಡ ನಿಂತು, "ಮೊದಲ ಇಳಿಯೋರಿಗೆ ಇಳೀಲಿಕ್ಕೆ ಬಿಡ್ರಿ! ಒಬ್ಬೊಬ್ಬರ ಹತ್ರಿ!" ಎಂದು ಕೈ ಚಾಚಿದಳು. ಜನ ಹೆದರಿ ಸಾಲಾಗಿ ಹತ್ತಿದರು. ಕೊನೆಗೆ ಕಂಡಕ್ಟರು ಕೈ ಮುಗಿದ. "ಮೇಡಂ, ಕಾಲಿಡಾಕೂ ಜಾಗಾ ಇಲ್ರಿ. ಹಿಂದ ಬರೋ ಬಸ್ಸಿಗೆ ಬರ್ರಿ." ಬಸ್ಸು ಹೋಯಿತು. ಚಿಗವ್ವ ನನ್ನತ್ತ ತಿರುಗಿ, "ಗರ್ದಿ ಅಂತೂ ಆಗ್ಲಿಲ್ಲ ನೋಡು!" ಅಂದಳು.

ಅಕ್ಕನ ಮದುವೆ ಸಂಶಿಯಲ್ಲಿ. ಪಂಕ್ತಿಯ ಮೂಲೆಯಲ್ಲಿ ಅನ್ನ, ಸಾರು, ಪಲ್ಯ, ತುಪ್ಪದವರು ನಾಲ್ಕೂ ದಿಕ್ಕಿನಿಂದ ಬಂದು ಸಿಕ್ಕಿಕೊಂಡರು. "ಡೆಡ್‌ಲಾಕ್! ಯಾರೂ ಅಳ್ಳಾಡಬ್ಯಾಡ್ರಿ!" ಎಂದು ಚಿಗವ್ವ ಕೂಗಿದಳು. ಅಲ್ಲಾಡಲಾಗದೆ ತಾನೇ ಅವರು ನಿಂತದ್ದು! ಆಮೇಲೆ ಎಲ್ಲರೂ ಬಲಕ್ಕೇ ಸುತ್ತಬೇಕೆಂದು ಆಜ್ಞೆಯಾಯಿತು. ಬೀಗರ ಎಲೆಗೆ ತುಪ್ಪ ಬರುವಷ್ಟರಲ್ಲಿ ಅವರು ಮಜ್ಜಿಗೆ ಕುಡಿದು ಕೈ ತೊಳೆದಾಗಿತ್ತು. "ನಿಮ್ಮ ಕಡೆ ಬಡಸೂದಿಲ್ಲೇನ್ರಿ, ಬರೇ ಪ್ರದಕ್ಷಿಣಿ ಹಾಕ್ತೀರಿ?" ಎಂದು ಅವರು ಇವತ್ತಿಗೂ ಕೇಳುತ್ತಾರೆ.

ಹೋದ ವರ್ಷ ಅಜ್ಜಿಗೆ ಲಕ್ವಾ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ಬಂದಳು, ಮಾತು ಬರಲಿಲ್ಲ. ಮಾತಾಡಿಸುತ್ತಾ ಇರಿ, ಇಲ್ಲದಿದ್ದರೆ ಮಾತು ಪೂರ್ತಿ ಹೋದೀತು ಎಂದಿದ್ದರು ಡಾಕ್ಟರು. ಸರಿ, ಬಳಗವೆಲ್ಲ ಮಂಚಕ್ಕೆ ಮುತ್ತಿಗೆ ಹಾಕಿತು. "ನಾ ಯಾರ ಹೇಳಬೇ?" "ನನ್ನ ಗುರುತ ಸಿಕ್ಕತೇನು?" "ಚಾ ಬೇಕೇನು?" ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟಳು.

ಚಿಗವ್ವ ಎಲ್ಲರನ್ನೂ ಹೊರಗೆ ಅಟ್ಟಿದಳು. ಬಂತಪ್ಪಾ ಮತ್ತೆ ಪ್ರೊಸೆಸರ್ ಪುರಾಣ ಎಂದುಕೊಂಡು ನಾನು ಬಾಗಿಲಲ್ಲೇ ನಿಂತೆ. ಆಕೆ ಮಂಚದ ಬಾಜೂಕ ಕುಳಿತು, "ಅವ್ವಾ, ನೀರ ಕುಡೀತೀ?" ಎಂದಷ್ಟೇ ಕೇಳಿ ಸುಮ್ಮನಾದಳು. ತಡೆಯದೆ ನಾನು, "ಇಲ್ಲಾ ಹಾಲು..." ಅನ್ನಹೋದೆ.

"ತಡಿ. ಒಂದು ಮಾತು ಒಳಗ ಹೋಗೇತಿ. ಅದಕ್ಕ ಜಾಗಾ ಆಗ್ಲಿ."

ಎಷ್ಟೋ ಹೊತ್ತಿನ ಮೇಲೆ ಅಜ್ಜಿ ತಲೆ ಅಲ್ಲಾಡಿಸಿದಳು. ಆಗ ಎರಡನೆಯ ಮಾತು. ಕಾಲೇಜಿಗೆ ರಜೆ ಹಾಕಿ ಚಿಗವ್ವ ವಾರಗಟ್ಟಲೆ ಹೀಗೇ ಕುಳಿತಳು. ಅಷ್ಟು ಮಾತಿನ ಮಲ್ಲಿ ಅಷ್ಟು ಸುಮ್ಮನೆ ಕುಳಿತದ್ದನ್ನು ನಾನು ಕಂಡೇ ಇರಲಿಲ್ಲ.

ಒಂದು ಮಧ್ಯಾಹ್ನ ಅಜ್ಜಿಯ ತುಟಿ ಅದುರಿತು. "ಉಂ... ಡೀ?"

ಚಿಗವ್ವ ಮಂಚದ ಅಂಚಿಗೆ ಹಣೆಯೂರಿ ಚಿಕ್ಕ ಹುಡುಗಿಯ ಹಾಗೆ ಅಳತೊಡಗಿದಳು. ಬಾಗಿಲಲ್ಲಿ ನಿಂತ ನನ್ನ ಕಣ್ಣೂ ತುಂಬಿ ಬಂತು. ಅಜ್ಜಿ ನೆಟ್ಟಗಿದ್ದ ಕೈಯನ್ನು ಮಗಳ ತಲೆಯ ಮೇಲಿಟ್ಟಳು. ಇನ್ನೇನೂ ಕೇಳಲಿಲ್ಲ, ಅವಳು ಅತ್ತು ಮುಗಿಸುವವರೆಗೂ ಕಾದಳು.