ನುಣುಪಣ್ಣನ ಮುಖ ಹೊಂದಿದ್ದು

ಬೆಳಿಗ್ಗೆ ಏಳು ಗಂಟೆಗೆ ನುಣುಪಣ್ಣನ ಫೋನಿಗೆ ವಿಮಾನ ಕಂಪನಿಯಿಂದ ಒಂದು ಸಂದೇಶ ಬಂತು. ಅವನು ಹಲ್ಲುಜ್ಜುತ್ತಿದ್ದ. ಹೆಂಡತಿ ಓದಿದಳು.

"ರೀ, ಇವತ್ತಿಂದ ಹೊಸ ನಿಯಮ ಅಂತೆ. ದೇಶದೊಳಗಿನ ವಿಮಾನಕ್ಕೂ ಬರೀ ಗುರುತಿನ ಚೀಟಿ ತೋರಿಸಿದ್ರೆ ಸಾಲದಂತೆ. ಚೀಟೀಲಿರೋ ಫೋಟೋನೂ ಮುಖಾನೂ ಒಂದೇನಾ ಅಂತ ಯಂತ್ರ ನೋಡುತ್ತಂತೆ. ಹೊಂದದಿದ್ರೆ ಬಿಡೋದಿಲ್ವಂತೆ."

"ನೋಡ್ಲಿ ಬಿಡು," ಅಂದ ನುಣುಪಣ್ಣ, ಬಾಯಿ ತುಂಬ ನೊರೆ ಇಟ್ಟುಕೊಂಡು. "ನನ್ನ ಮುಖ ನನ್ನ ಹತ್ರಾನೇ ಇದೆ."

ಹೆಂಡತಿ ಅವನ ಚೀಟಿಯನ್ನು ತಂದು ಕನ್ನಡಿಯಲ್ಲಿ ಕಾಣುತ್ತಿದ್ದ ಮುಖದ ಪಕ್ಕ ಹಿಡಿದಳು. ಇಬ್ಬರೂ ನೋಡಿದರು. ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು.

"ಇದ್ಯಾರು?" ಅಂದಳು ಹೆಂಡತಿ.

ನ್ಯಾಯವಾದ ಪ್ರಶ್ನೆಯೇ. ನುಣುಪಣ್ಣನದು ಫೋಟೋ ಸ್ಟುಡಿಯೋ. ಗುರುತಿನ ಚೀಟಿಗೆ, ಅರ್ಜಿಗೆ, ನೌಕರಿಗೆ ಎಂದು ಆ ಬೀದಿಯವರೆಲ್ಲ ಮುಖ ಕೊಟ್ಟು ಬರುತ್ತಿದ್ದುದು ಅವನಿಗೇ. ಇಸ್ತ್ರಿ ಕಾಣದ ಬಟ್ಟೆಯಂಥ ಮುಖ ತಂದವರು ಗರಿಗರಿ ಮುಖ ಹಿಡಿದುಕೊಂಡು ಹೋಗುತ್ತಿದ್ದರು. ಸುಕ್ಕು, ಕಲೆ, ಗುಳಿ, ಎರಡನೆಯ ಗದ್ದ, ಯಾವುದನ್ನೂ ಅವನು ಉಳಿಸುತ್ತಿರಲಿಲ್ಲ. ಯಾರೂ ಕೇಳದಿದ್ದರೂ ನುಣುಪು ಮಾಡುತ್ತಿದ್ದ. ಅದಕ್ಕೇ ಆ ಹೆಸರು. ಗಿರಾಕಿಗಳಿಲ್ಲದ ಒಂದು ಸಂಜೆ ತನ್ನ ಫೋಟೋವನ್ನೇ ಮುಂದಿಟ್ಟುಕೊಂಡು ಮೂರು ಗಂಟೆ ಕೂತಿದ್ದ. ಬೋಳುತಲೆಗೆ ಕೂದಲು ಬಂತು. ಮೂಗಿನ ಪಕ್ಕದ ಕಡಲೆಕಾಳಿನಷ್ಟಿದ್ದ ನರಹುಲಿ ಹೋಯಿತು. ಜೋತುಬಿದ್ದ ಬಲಗಣ್ಣಿನ ರೆಪ್ಪೆ ಮೇಲೆದ್ದಿತು. ಎಡಗಿವಿ ಬಲಗಿವಿಯ ಸಮಕ್ಕೆ ಏರಿತು. ಚೀಟಿಗೆ ಹೋದದ್ದು ಆ ಫೋಟೋವೇ. ಆಗ ಅವನಿಗೆ ಬಹಳ ಸಮಾಧಾನವಾಗಿತ್ತು.

ಈಗ ಸಮಾಧಾನವಿರಲಿಲ್ಲ. ಒಂದು ಗಂಟೆಯ ವಿಮಾನ ಹಿಡಿದರೆ ಎರಡಕ್ಕೆ ಅಕ್ಕನ ಊರು. ನಾಲ್ಕಕ್ಕೆ ನೋಂದಣಿ ಕಚೇರಿಯಲ್ಲಿ ಅಕ್ಕನ ಮದುವೆ. ಅಕ್ಕನಿಗೆ ಐವತ್ತಾರು. ತಾಯಿಯಿಲ್ಲದ ತಮ್ಮನನ್ನು ಬೆಳೆಸಿ, ಓದಿಸಿ, ಅಂಗಡಿ ಹಾಕಿಸಿ, ಎಲ್ಲ ಮುಗಿದ ಮೇಲೆ ಈಗ ತನ್ನ ಜೊತೆ ಗ್ರಂಥಾಲಯದಲ್ಲಿ ಕೆಲಸ ಮಾಡುವವರನ್ನು ಮದುವೆಯಾಗುತ್ತಿದ್ದಳು. "ಊಟ ಗೀಟ ಏನೂ ಇಲ್ಲ. ಸಾಕ್ಷಿ ಸಹಿ ಮಾತ್ರ ನಿಂದೇ ಆಗ್ಬೇಕು. ನೀನಿಲ್ಲದೆ ನಾನು ಪೆನ್ ಮುಟ್ಟೋದಿಲ್ಲ," ಅಂದಿದ್ದಳು. ಅಕ್ಕ ಒಂದು ಮಾತು ಆಡಿದಳೆಂದರೆ ಮುಗಿಯಿತು. ಇವತ್ತು ತಪ್ಪಿದರೆ ಕಚೇರಿಯಲ್ಲಿ ಮುಂದಿನ ತಾರೀಖು ಸಿಗುವುದು ಮೂರು ತಿಂಗಳ ಮೇಲೆ. ರಸ್ತೆಯಲ್ಲಿ ಹೋದರೆ ಹದಿನಾಲ್ಕು ಗಂಟೆ.

ಎಂಟು ಗಂಟೆಯ ಹೊತ್ತಿಗೆ ಸುದ್ದಿ ಬೀದಿ ಮುಟ್ಟಿತು. ಪಕ್ಕದ ಸಲೂನಿನವನು ಕತ್ತರಿ ಹಿಡಿದುಕೊಂಡೇ ಬಂದ. ಎದುರಂಗಡಿಯ ದರ್ಜಿಯಮ್ಮ ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡು ಬಂದರು. ಇಬ್ಬರೂ ತಮ್ಮತಮ್ಮ ಚೀಟಿ ತಂದಿದ್ದರು.

"ನಾನು ಬರೋ ವಾರ ಮಗಳ ಮನೆಗೆ ಹಾರ್ಬೇಕು ಕಣಪ್ಪ," ಅಂದರು ದರ್ಜಿಯಮ್ಮ. "ನೋಡು ಇಲ್ಲಿ. ಇದು ನಾನಲ್ಲ, ನನ್ನ ಮಗಳು. ಅವಳೂ ಇಷ್ಟು ಚೆನ್ನಾಗಿಲ್ಲ."

"ಫೋಟೋ ಕೊಟ್ಟಾಗ ನೀವೇ ಹಿಗ್ಗಿದ್ರಲ್ಲ," ಅಂದ ನುಣುಪಣ್ಣ.

"ಹಿಗ್ಗಿದ್ದು ನಿಜ. ಆದ್ರೆ ಆವಾಗ ಯಂತ್ರ ಇರ್ಲಿಲ್ಲ."

ಸಲೂನಿನವನು ಒಂದು ಕಣ್ಣು ಮುಚ್ಚಿ ನುಣುಪಣ್ಣನ ತಲೆಯನ್ನು ಅಳೆದ. "ಹೋಗ್ಲಿ ಬಿಡಿ ಅಮ್ಮ. ಇವತ್ತು ನುಣುಪಣ್ಣ ಹೋಗ್ತಾನಲ್ಲ. ಅವನು ಪಾಸಾದ್ರೆ ಬೀದಿಯೆಲ್ಲ ಪಾಸು. ಅವನನ್ನ ವಾಪಸ್ ಕಳಿಸಿದ್ರೆ," ಎಂದು ಕತ್ತರಿಯನ್ನು ಎರಡು ಸಲ ಆಡಿಸಿದ, "ನಾವೆಲ್ಲ ಇಲ್ಲೇ ಕೂತಿರ್ತೀವಿ, ಅವನು ಬರೋವರೆಗೂ."

"ಚೀಟಿಗೆ ಹೊಸ ಫೋಟೋ ಹಾಕಿಸ್ಬಹುದಲ್ಲ?" ಅಂದಳು ಹೆಂಡತಿ.

"ಇಪ್ಪತ್ತು ದಿನ ಬೇಕು," ಅಂದ ನುಣುಪಣ್ಣ. ಆಮೇಲೆ ಚೀಟಿಯನ್ನು ಮತ್ತೊಮ್ಮೆ ಕೆನ್ನೆಯ ಪಕ್ಕ ಹಿಡಿದು, "ಫೋಟೋನ ಮುಖಕ್ಕೆ ಹೊಂದಿಸೋಕಾಗಲ್ಲ. ಮುಖಾನ ಫೋಟೋಗೆ ಹೊಂದಿಸ್ಬಹುದು," ಅಂದ.

ಮೂವರೂ ಅವನನ್ನೇ ನೋಡಿದರು. ಅದರಲ್ಲಿ ತಪ್ಪೇನೆಂದು ಆ ಕ್ಷಣಕ್ಕೆ ಯಾರಿಗೂ ಹೊಳೆಯಲಿಲ್ಲ.

ದರ್ಜಿಯಮ್ಮ ತಮ್ಮ ಅಂಗಡಿಯ ಗಾಜಿನೊಳಗೆ ನಿಲ್ಲಿಸಿದ್ದ ಬೊಂಬೆಯ ತಲೆಗೂದಲನ್ನು ಕಿತ್ತು ತಂದರು. ಸೊಂಟದವರೆಗಿದ್ದ ಆ ಕೂದಲನ್ನು ನುಣುಪಣ್ಣನ ತಲೆಗೆ ಹಾಕಿ, ಫೋಟೋ ನೋಡಿಕೊಳ್ಳುತ್ತ ಸಲೂನಿನವನು ಕತ್ತರಿಸಿದ. ಆಲ್ಬಮ್ಮಿಗೆ ಫೋಟೋ ಅಂಟಿಸುವ ಎರಡು ಬದಿಯ ಟೇಪಿನಿಂದ ಎಡಗಿವಿಯನ್ನು ಮೇಲಕ್ಕೆತ್ತಿ ತಲೆಗೆ ಅಂಟಿಸಿದರು. ಅದೇ ಟೇಪಿನ ಒಂದು ಎಳೆ ಬಲಗಣ್ಣಿನ ರೆಪ್ಪೆಗೆ ಹೋಯಿತು. ನರಹುಲಿಯ ಮೇಲೆ ಹೆಂಡತಿ ಮೂರು ಪದರ ಬಣ್ಣ ಬಳಿದಳು.

"ಇದು ಮರೆಯಾಗ್ತಿಲ್ಲ ರೀ. ಗುಡ್ಡಕ್ಕೆ ಸುಣ್ಣ ಹೊಡೆದ ಹಾಗಿದೆ."

"ಮುಖ ಆಡಿಸ್ಬೇಡ. ನಗ್ಬೇಡ. ಸೀನ್ಬೇಡ," ಎಂದು ಸಲೂನಿನವನು ಆಜ್ಞೆ ಮಾಡಿದ. "ಬೆವರಲೇಬೇಡ."

ಕನ್ನಡಿಯಲ್ಲಿ ತನ್ನನ್ನು ಕಂಡ ನುಣುಪಣ್ಣನಿಗೆ ಭಯವಾಗಲಿಲ್ಲ, ಕುತೂಹಲವಾಯಿತು. ಇಷ್ಟು ದಿನ ಚೀಟಿಯೊಳಗೆ ಕೂತಿದ್ದವನು ಎದ್ದು ಬಂದು ತನ್ನ ಅಂಗಿ ಹಾಕಿಕೊಂಡು ನಿಂತಿದ್ದ. ಹೀಗೇ ಹುಟ್ಟಿದ್ದರೆ ಏನೇನಾಗುತ್ತಿತ್ತೋ ಎಂದುಕೊಂಡ. ಯೋಚಿಸಿದ್ದಕ್ಕೆ ಹುಬ್ಬು ಮೇಲೇರಿ ರೆಪ್ಪೆಯ ಟೇಪು ಚುರ್ರೆಂದಿತು. ಯೋಚನೆ ಬಿಟ್ಟ.

ವಿಮಾನ ನಿಲ್ದಾಣದ ಸಾಲು ಹನುಮನ ಬಾಲದಂತಿತ್ತು. ಕೊನೆಯಲ್ಲಿ ಕಂಬದ ಮೇಲೆ ಒಂದು ಯಂತ್ರ. ಅದರ ಗಾಜಿನಲ್ಲಿ ಒಂದು ವೃತ್ತ. ಪಕ್ಕದಲ್ಲಿ ಸಮವಸ್ತ್ರದ ತಪಾಸಣೆ ಅಧಿಕಾರಿಣಿ. ಜನ ಚೀಟಿ ಇಟ್ಟು ವೃತ್ತದೊಳಗೆ ಮುಖ ತೂರಿಸಿ ಉಸಿರು ಬಿಗಿಹಿಡಿಯುತ್ತಿದ್ದರು. ಹಸಿರು ಬೆಳಗಿದರೆ ಬಿಡುಗಡೆ, ಕೆಂಪಾದರೆ ಪಕ್ಕಕ್ಕೆ.

ನುಣುಪಣ್ಣ ಮುಖ ಕೊಟ್ಟ. ಕೆಂಪು.

"ಇನ್ನೊಂದ್ಸಲ ನೋಡಿ ಸರ್," ಅಂದರು ಅಧಿಕಾರಿಣಿ.

ಮತ್ತೆ ಕೆಂಪು.

"ಮೂರು ಸಲ ಮಾತ್ರ ಅವಕಾಶ."

ಅವನ ಬೆನ್ನಿನ ಮೇಲೆ ಒಂದು ಹನಿ ಬೆವರು ಹೊರಟಿತು. ಆದರೆ ಮೂವತ್ತು ವರ್ಷ ಮುಖಗಳನ್ನು ನೋಡಿದ ಕಣ್ಣು ಅವನದು. ಯಂತ್ರದ ಗಾಜಿನಲ್ಲಿ ತನ್ನ ಬಿಂಬವನ್ನು ದಿಟ್ಟಿಸಿದ. ಕೂದಲು ಸರಿ, ಕಿವಿ ಸರಿ. ತಪ್ಪಿದ್ದು ಬೆಳಕು. ಇಲ್ಲಿ ದೀಪ ನೆತ್ತಿಯ ಮೇಲಿಂದ ಬೀಳುತ್ತಿದೆ. ಸ್ಟುಡಿಯೋದಲ್ಲಿ ಎಡಗಡೆಯಿಂದ ಬೀಳುತ್ತದೆ.

ಹಿಂದೆ ನಿಂತಿದ್ದ ದಪ್ಪ ವ್ಯಾಪಾರಿಯ ಕಡೆ ತಿರುಗಿದ. "ಯಜಮಾನ್ರೇ, ನಿಮ್ಮ ಪೇಪರ್ ಸ್ವಲ್ಪ ಬಿಡಿಸಿ, ನನ್ನ ಎಡಕ್ಕೆ ಹಿಡ್ಕೊಳ್ತೀರಾ? ಇನ್ನೂ ಕೆಳಗೆ. ಹಾಂ, ಓರೆಯಾಗಿ."

"ಏನಕ್ಕೆ?"

"ನಾನು ಬೇಗ ಹೋದ್ರೆ ನೀವೂ ಬೇಗ ಹೋಗ್ತೀರಿ."

ವ್ಯಾಪಾರಿಗೆ ಅರ್ಥವಾಗುವ ಮಾತು ಅದು. ಪೇಪರ್ ಹಿಡಿದ. ಬಿಳಿಯ ಬೆಳಕು ಕೆನ್ನೆಗೆ ಬಿತ್ತು. ನುಣುಪಣ್ಣ ಗದ್ದವನ್ನು ಬೆರಳಿನಷ್ಟು ಎತ್ತಿದ. ಹಸಿರು.

ಅಧಿಕಾರಿಣಿ ಅವನನ್ನೂ ಚೀಟಿಯನ್ನೂ ಒಂದೆರಡು ಸಲ ನೋಡಿದರು. ಕಿವಿಯ ಹತ್ತಿರ ಅವರ ನೋಟ ಸ್ವಲ್ಪ ನಿಂತಿತು. "ಯಂತ್ರ ಒಪ್ಕೊಂಡ್ಮೇಲೆ ನನ್ನದೇನಿದೆ," ಎಂದು ಚೀಟಿ ವಾಪಸು ಕೊಟ್ಟರು.

ಹನ್ನೆರಡೂ ಮುಕ್ಕಾಲಿಗೆ ಅವನು ಕಿಟಕಿಯ ಪಕ್ಕ ಕೂತು ಪಟ್ಟಿ ಬಿಗಿದುಕೊಂಡಿದ್ದ. ಹೆಂಡತಿಗೆ 'ಪಾಸು' ಎಂದು ಬರೆದು ಕಳಿಸಿದ. ಒಂದಾಯಿತು. ಒಂದೂಕಾಲಾಯಿತು. ವಿಮಾನ ಮುನಿಸಿಕೊಂಡ ಎಮ್ಮೆಯಂತೆ ನಿಂತಲ್ಲೇ ನಿಂತಿತ್ತು.

ಗಗನಸಖಿ ಬಂದು ಕೈಮುಗಿದಳು. "ಕ್ಷಮಿಸಿ. ನಮ್ಮ ಕ್ಯಾಪ್ಟನ್ ಬಂದಿದ್ದಾರೆ, ಆದರೆ ಒಳಗೆ ಬರೋಕಾಗ್ತಿಲ್ಲ. ಹೊಸ ನಿಯಮ ಸಿಬ್ಬಂದಿಗೂ ಇದೆ. ಅವರ ಮುಖ ಫೋಟೋಗೆ ಹೊಂದ್ತಿಲ್ಲವಂತೆ."

"ಬೇರೆ ಕ್ಯಾಪ್ಟನ್ ಇಲ್ವಾ?"

"ಸಂಜೆ ಆರಕ್ಕೆ ಬರ್ತಾರೆ."

ಎರಡು ಸಾಲು ಮುಂದಿದ್ದ ದಪ್ಪ ವ್ಯಾಪಾರಿ ಪೇಪರನ್ನು ಮಡಿಚಿ ತೊಡೆಗೆ ಹೊಡೆದುಕೊಂಡ. "ಯಾವನ್ರೀ ಅವನು ಫೋಟೋ ತೆಗೆದೋನು? ಒಂದ್ಸಲ ಕೈಗೆ ಸಿಗ್ಬೇಕು. ಅವನ ಮುಖ ಅವನ ಹೆತ್ತವ್ವಂಗೂ ಗೊತ್ತಾಗದ ಹಾಗೆ ಮಾಡಿಬಿಡ್ತೀನಿ."

ಆ ಕೆಲಸ ಆಗಲೇ ಆಗಿದೆ ಎಂದುಕೊಂಡು ನುಣುಪಣ್ಣ ಕಿಟಕಿಯಾಚೆ ನೋಡಿದ. ಗಾಜಿನ ಓಣಿಯಲ್ಲಿ ಟೊಪ್ಪಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಒಬ್ಬರು ನಿಂತಿದ್ದರು. ಮೂಗು ನಡುವೆ ಮುರಿದು ಬಲಕ್ಕೆ ತಿರುಗಿತ್ತು, ದಾರಿ ತಪ್ಪಿದವನು ಯಾರನ್ನೋ ಕೇಳಲು ಹೊರಳಿದ ಹಾಗೆ.

ಆ ಮೂಗು ಅವನಿಗೆ ಗೊತ್ತಿತ್ತು. ಹೋದ ವರ್ಷ ಒಂದು ಮಧ್ಯಾಹ್ನವಿಡೀ ಅದನ್ನು ನೆಟ್ಟಗೆ ಮಾಡಿದ್ದ. ಸಾದಾ ಅಂಗಿಯಲ್ಲಿ ಬಂದಿದ್ದ ಆ ಮನುಷ್ಯ ಕೇಳಿದ್ದು ಒಂದೇ ಮಾತು: "ಇದ್ದ ಹಾಗೇ ಇರ್ಲಿ." ಇವನು ತಲೆಯಾಡಿಸಿ, ಅವರು ಅತ್ತ ಹೋದ ಮೇಲೆ ಮೂಗಿಗೆ ಕೈಹಾಕಿದ್ದ.

ಸುಮ್ಮನೆ ಕೂತರೆ ಸಂಜೆ ಆರು; ಅಕ್ಕ ಪೆನ್ನು ಮುಟ್ಟುವುದಿಲ್ಲ. ಎದ್ದರೆ ವ್ಯಾಪಾರಿ ಇದ್ದಾನೆ. ವಿಮಾನದಲ್ಲಿ ಮಗುವೊಂದರ ಬಿಕ್ಕಳಿಕೆ ಬಿಟ್ಟರೆ ಸದ್ದಿರಲಿಲ್ಲ. ನುಣುಪಣ್ಣ ಪಟ್ಟಿ ಬಿಚ್ಚಿ, ಗಗನಸಖಿಯ ಹತ್ತಿರ ಹೋಗಿ ಮೆಲ್ಲಗೆ ಹೇಳಿದ: "ಆ ಫೋಟೋ ತೆಗೆದವನು ನಾನೇಮ್ಮ. ಜೋರಾಗಿ ಹೇಳ್ಬೇಡಿ."

ಕೆಳಗೆ ಅದೇ ಅಧಿಕಾರಿಣಿ ನಿಯಮದ ಪುಸ್ತಕ ತಿರುವಿದರು. ಏಳನೆಯ ಪುಟದಲ್ಲಿ ದಾರಿಯೊಂದಿತ್ತು: ಫೋಟೋ ತೆಗೆದವನೇ ಖುದ್ದಾಗಿ ಬಂದು, ತಿದ್ದದ ಮೂಲ ಚಿತ್ರವನ್ನು ಕೊಟ್ಟು, ಬರವಣಿಗೆಯಲ್ಲಿ ಹೇಳಿಕೆ ಕೊಟ್ಟರೆ ಯಂತ್ರಕ್ಕೆ ಮೂಲ ಚಿತ್ರವನ್ನೇ ತೋರಿಸಬಹುದು.

"ಇಂಥದ್ದು ಯಾರಿಗಾದ್ರೂ ಬೇಕಾಗುತ್ತೆ ಅಂತ ನಾನು ಅಂದ್ಕೊಂಡಿರ್ಲಿಲ್ಲ," ಅಂದರು.

ನುಣುಪಣ್ಣ ಹೆಂಡತಿಗೆ ಫೋನು ಮಾಡಿದ. "ಸ್ಟುಡಿಯೋ ಕಂಪ್ಯೂಟರಲ್ಲಿ ಹೋದ ವರ್ಷದ್ದು ತೆಗಿ. ಸೊಟ್ಟ ಮೂಗಿನವರು. ಮೂಲ ಚಿತ್ರ."

"ಸಿಕ್ತು, ಕಳಿಸ್ತೀನಿ. ಅಂದ ಹಾಗೆ, ನೀವು ಪಾಸಾದ ಸುದ್ದಿ ಕೇಳಿ ಸಲೂನಿನವನು ಬೋರ್ಡ್ ಬರೆಸ್ತಿದ್ದಾನೆ ರೀ. 'ಇಲ್ಲಿ ವಿಮಾನಕ್ಕೆ ಮುಖ ಹೊಂದಿಸಿಕೊಡಲಾಗುವುದು' ಅಂತೆ. ದರ್ಜಿಯಮ್ಮ ಟಿಕೆಟ್ ತೊಗೊಂಡಾಯ್ತು."

ಮೂಲ ಚಿತ್ರ ಬಂತು. ಅಧಿಕಾರಿಣಿ ಹೇಳುತ್ತ ಹೋದರು, ನುಣುಪಣ್ಣ ಬರೆದ: 'ನನ್ನ ಸ್ಟುಡಿಯೋದಲ್ಲಿ ತೆಗೆದ ಫೋಟೋಗಳು ಆಯಾ ವ್ಯಕ್ತಿಗಳ ನಿಜವಾದ ಮುಖವನ್ನು ಹೋಲುವುದಿಲ್ಲ.' ಸಹಿ ಹಾಕಿದ. ಕ್ಯಾಪ್ಟನ್ ವೃತ್ತದೊಳಗೆ ಮುಖವಿಟ್ಟರು. ಕಣ್ಣು ಮಿಟುಕಿಸುವಷ್ಟರಲ್ಲಿ ಹಸಿರು.

ಕ್ಯಾಪ್ಟನ್ ಟೊಪ್ಪಿಗೆ ಇಟ್ಟುಕೊಂಡು ನುಣುಪಣ್ಣನ ಕಡೆ ತಿರುಗಿದರು. ಬೈಯುತ್ತಾರೆಂದು ಅವನು ಕಾದ. ಅವರು ತಮ್ಮ ಮೂಗಿನ ತುದಿ ಮುಟ್ಟಿಕೊಂಡು, "ಇದು ನಮ್ಮಪ್ಪಂದು ರೀ," ಅಂದರು. ಅಷ್ಟೇ ಅಂದು ದಾಪುಗಾಲು ಹಾಕಿ ಹೋದರು.

ನುಣುಪಣ್ಣ ಅವರ ಹಿಂದೆಯೇ ಹೊರಟ. ಅಧಿಕಾರಿಣಿ ಕೈ ಅಡ್ಡ ಹಿಡಿದರು. "ಇಳಿದವರು ಮತ್ತೆ ಮುಖ ತೋರಿಸ್ಬೇಕು ಸರ್."

ತೋರಿಸಿದ. ಇಷ್ಟು ಹೊತ್ತಿನ ಓಡಾಟದಲ್ಲಿ ಬೆವರು ತನ್ನ ಕೆಲಸ ಮಾಡಿತ್ತು. ಕೂದಲು ಹಿಂದಕ್ಕೆ ಜಾರಿ ಕತ್ತಿನ ಮೇಲೆ ಬೆಕ್ಕಿನಂತೆ ಮಲಗಿತ್ತು. ಎಡಗಿವಿ ಅಂಟು ಬಿಟ್ಟು ತನ್ನ ಜಾಗಕ್ಕೆ ಮರಳಿತ್ತು. ನರಹುಲಿ ಸುಣ್ಣ ಒದರಿಕೊಂಡು ಹೊರಗೆ ಬಂದಿತ್ತು. ಪೇಪರ್ ಹಿಡಿಯಬೇಕಾದ ವ್ಯಾಪಾರಿ ವಿಮಾನದೊಳಗಿದ್ದ. ಕೆಂಪು. ಕೆಂಪು. ಕೆಂಪು.

"ಮೇಡಂ, ಆಗ ಹಸಿರು ಬಂದಿದ್ದು ನೀವೇ ನೋಡಿದ್ರಿ."

"ನೋಡಿದೆ. ಆದ್ರೆ ಈ ಚೀಟಿಯ ಫೋಟೋ ತೆಗೆದವರು ಯಾರು?"

"ನಾನೇ."

ಅಧಿಕಾರಿಣಿ ಅವನ ಹೇಳಿಕೆಯನ್ನು ಅವನ ಕಡೆಗೇ ತಿರುಗಿಸಿ ಇಟ್ಟರು. ಶಾಯಿ ಇನ್ನೂ ಹಸಿಯಾಗಿತ್ತು.

"ಬೇಜಾರಾಗ್ಬೇಡಿ," ಅಂದರು ಆಮೇಲೆ, ಮೃದುವಾಗಿಯೇ. "ಏಳನೇ ಪುಟ ನಿಮಗೂ ಇದೆ. ನಿಮ್ಮದೇ ಮೂಲ ಚಿತ್ರ ತರಿಸಿ. ಎರಡು ನಿಮಿಷ ಟೈಮಿದೆ."

ನುಣುಪಣ್ಣ ಫೋನು ಕೈಗೆತ್ತಿಕೊಂಡ. ಹಾಗೇ ನಿಂತ. ಮೂವತ್ತು ವರ್ಷದಲ್ಲಿ ಅವನು ಯಾರ ಮೂಲ ಚಿತ್ರವನ್ನೂ ಎಸೆದವನಲ್ಲ. ಬೀದಿಯವರ ಸುಕ್ಕು, ನರಹುಲಿ, ಸೊಟ್ಟ ಮೂಗುಗಳೆಲ್ಲ ತಾರೀಖಿನ ಪ್ರಕಾರ ಜೋಪಾನವಾಗಿದ್ದವು. ಅಳಿಸಿ ಹಾಕಿದ್ದು ಒಂದನ್ನೇ. ಆ ಸಂಜೆ, ತನ್ನದನ್ನು.

"ಇಲ್ಲ," ಅಂದ.

ಅಧಿಕಾರಿಣಿ ಒಂದು ಕುರ್ಚಿ ಎಳೆದು ಕೊಟ್ಟರು. ಗಾಜಿನಾಚೆ ವಿಮಾನ ಮೆಲ್ಲಗೆ ಹಿಂದೆ ಸರಿದು, ಹೊರಳಿ, ಓಡಿ, ಮೇಲೆದ್ದಿತು. ಸೊಟ್ಟ ಮೂಗಿನವರು ಅದನ್ನು ಬಹಳ ನೆಟ್ಟಗೆ ಹಾರಿಸಿದರು.

ಫೋನು ರಿಂಗಾಯಿತು. ಅಕ್ಕ.

"ಏನೋ, ವಿಮಾನ ಲೇಟಂತೆ? ಹೊರಡ್ತಾ?"

"ಈಗ ತಾನೇ ಹೊರಡ್ತು ಅಕ್ಕ. ಕಣ್ಣಾರೆ ನೋಡಿದೆ."

ಆ ಕಡೆ ನೋಂದಣಿ ಕಚೇರಿಯಲ್ಲಿ ಯಾರೋ ಯಾರನ್ನೋ ಕೂಗುವುದು ಕೇಳಿಸಿತು.

"ಅಲ್ವೋ," ಅಂದಳು ಅಕ್ಕ ನಿಧಾನವಾಗಿ, "ನೀನು ಎಲ್ಲಿಂದ ನೋಡಿದೆ?"